ಸದ್ದು ಮಾಡದ ಟ್ಯಾಪೆಟ್: ಒಂದು ಓಮ್ನಿಯ ಎರಡನೇ ಸಿಲಿಂಡರ್

ದೂರು ಇಷ್ಟೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಗಡಗಡ ನಡುಗುತ್ತೆ, ಹತ್ತು ನಿಮಿಷ ಓಡಿದ ಮೇಲೆ ಸುಮಾರಾಗಿ ಸರಿಹೋಗುತ್ತೆ. ಉತ್ತರ ಈ ಒಂದೇ ಸಾಲಿನಲ್ಲಿ ಇತ್ತು. ನನಗೆ ಅದು ಹೊಳೆದಿದ್ದು ಮಾತ್ರ ಮಾರನೇ ದಿನ.

ಗಾಡಿ ಮಾರುತಿ ಓಮ್ನಿ. 796 ಸಿಸಿ, ಮೂರು ಸಿಲಿಂಡರ್, ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಥರದ್ದು). ಮೀಟರಿನಲ್ಲಿ 1,42,000 ಕಿಲೋಮೀಟರ್. ಕೊನೆಯ 60,000 ಚಿಲ್ಲರೆ ಓಡಿದ್ದು ಹೊರಗಡೆ ಹಾಕಿಸಿದ ಎಲ್‌ಪಿಜಿ ಕಿಟ್ ಮೇಲೆ. ಓಮ್ನಿ 1984ರಲ್ಲಿ ಬಂದಿದ್ದು, 2019ರಲ್ಲಿ ನಿಂತಿದ್ದು. ಕಂಪನಿ ನಿಲ್ಲಿಸಿದರೇನು, ನಮ್ಮ ಹಾಸನದ ಕಡೆ ಹಾಲು, ಹೂವು, ಬ್ರೆಡ್ಡು ಸಾಗಿಸೋಕೆ ಈಗಲೂ ಜನ ಇದನ್ನೇ ಹುಡುಕುತ್ತಾರೆ. ಈ ಗಾಡಿಯವರದ್ದೂ ಬೇಕರಿ. ಬೆಳಗಿನ ಜಾವ ಬನ್ನು, ಬ್ರೆಡ್ಡು ತುಂಬಿಕೊಂಡು ಆಲೂರು, ಸಕಲೇಶಪುರದ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಹಾಗಾಗಿ ಚಳಿಯಲ್ಲಿ ಸ್ಟಾರ್ಟ್ ಮಾಡೋದು ಇವರಿಗೆ ದಿನದ ಕೆಲಸ.

ನನ್ನ ಹತ್ತಿರ ಬರುವ ಮೊದಲು ಇನ್ನೊಂದು ಗ್ಯಾರೇಜಿಗೆ ಹೋಗಿದ್ದರು. ಅಲ್ಲಿ ಮೊದಲು ಪ್ಲಗ್ ಬದಲಾಯಿಸಿದ್ದಾರೆ. ಆಮೇಲೆ ಪ್ಲಗ್ ವೈರ್. ಆಮೇಲೆ ಕಾಯಿಲ್. ಇಂಜೆಕ್ಟರ್ ಕ್ಲೀನಿಂಗ್ ಬೇರೆ. ಹೀಗೆ ಆರು ಸಾವಿರ ಖರ್ಚಾದ ಮೇಲೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತೆ ಅಂತ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದ್ದಾರೆ. ಎರಡನೇ ಸಿಲಿಂಡರ್‌ನಲ್ಲಿ ಕಮ್ಮಿ ಬಂದಿದೆ. "ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು, ₹32,000 ಆಗುತ್ತೆ" ಅಂದಿದ್ದಾರೆ. ಬೇಕರಿ ಅಣ್ಣ ಗಾಡಿ ಎತ್ತಿಕೊಂಡು ಬಂದುಬಿಟ್ಟರು.

"ನೋಡಪ್ಪ, ಗಾಡಿ ಮಾರಿದ್ರೂ ಅಷ್ಟು ಬರಲ್ಲ. ನೀನೊಂದ್ಸಲ ನೋಡ್ಬಿಡು."

ಕಂಪ್ರೆಷನ್ ಕಮ್ಮಿ ಅಂದ ತಕ್ಷಣ ರಿಂಗ್ ಅನ್ನೋದು ನಮ್ಮ ಕಸುಬಿನ ಹಳೇ ಚಾಳಿ. ಗೇಜ್ ಹೇಳೋದು ಗಾಳಿ ನಿಲ್ಲುತ್ತಿಲ್ಲ ಅಂತ ಮಾತ್ರ. ಎಲ್ಲಿಂದ ಹೋಗುತ್ತಿದೆ ಅಂತ ಅದು ಹೇಳಲ್ಲ. ಗಾಳಿ ತಪ್ಪಿಸಿಕೊಳ್ಳೋಕೆ ದಾರಿಗಳು ಕೆಲವೇ: ಪಿಸ್ಟನ್ ಸುತ್ತ ಇರುವ ರಿಂಗ್ ಪಕ್ಕದಿಂದ ಕೆಳಗೆ, ಗಾಳಿ ಒಳಗೆ ಬಿಡುವ ಇನ್ಲೆಟ್ ವಾಲ್ವ್‌ನಿಂದ ಹಿಂದಕ್ಕೆ, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್‌ನಿಂದ ಸೈಲೆನ್ಸರ್‌ಗೆ, ಇಂಜಿನ್ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್‌ನಿಂದ ನೀರಿಗೋ ಪಕ್ಕದ ಸಿಲಿಂಡರ್‌ಗೋ. ಯಾವ ದಾರಿ ಅಂತ ಗೊತ್ತಾಗದೆ ಇಂಜಿನ್ ಬಿಚ್ಚೋದು ಅಂದರೆ ಮನೆಯಲ್ಲಿ ನೀರು ಸೋರ್ತಿದೆ ಅಂತ ಹೆಂಚೆಲ್ಲ ಇಳಿಸಿದ ಹಾಗೆ.

ಮೊದಲು ಪ್ರಶ್ನೆ ಕೇಳಿದೆ. ಆಯಿಲ್ ಕುಡಿಯುತ್ತಾ? ಇಲ್ಲ, ಸರ್ವಿಸ್‌ನಿಂದ ಸರ್ವಿಸ್‌ಗೆ ಒಂದು ಹನಿ ಹಾಕಿಲ್ಲ. ಹಿಂದೆ ನೀಲಿ ಹೊಗೆ? ಇಲ್ಲ. ನೀರು ಕಮ್ಮಿ ಆಗುತ್ತಾ? ಇಲ್ಲ. ಗ್ಯಾಸ್‌ನಲ್ಲಿ ಮಾತ್ರ ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ತಪ್ಪೋದು) ಹೊಡೆಯುತ್ತಾ, ಪೆಟ್ರೋಲಿನಲ್ಲೂ ಹೊಡೆಯುತ್ತಾ? ಎರಡರಲ್ಲೂ. ಹಾಗಾದರೆ ಗ್ಯಾಸ್ ಕಿಟ್ಟಿನ ಟ್ಯೂನಿಂಗ್ ಬಿಟ್ಟುಬಿಡಬಹುದು. ಕೊನೆಗೆ ಟ್ಯಾಪೆಟ್, ಅಂದರೆ ವಾಲ್ವ್ ತಲೆಗೂ ಅದನ್ನು ಒತ್ತಿ ತೆರೆಯುವ ರಾಕರ್‌ಗೂ ನಡುವಿನ ಗ್ಯಾಪ್, ಅದರ ಬಗ್ಗೆ ಕೇಳಿದೆ: ಯಾವಾಗ ಸೆಟ್ ಮಾಡಿಸಿದ್ರಿ ಅಣ್ಣ?

"ಟ್ಯಾಪೆಟ್ ಯಾಕಪ್ಪ? ಸದ್ದೇ ಇಲ್ವಲ್ಲ. ಹೊಲಿಗೆ ಮಷೀನ್ ಥರ ಓಡುತ್ತೆ."

ಈ ಮಾತನ್ನೂ ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು, ಕಟಕಟ ಅನ್ನೋ ಟ್ಯಾಪೆಟ್‌ಗೆ ಹೆದರಬೇಡ, ಬಾಯಿ ಮುಚ್ಚಿಕೊಂಡಿರೋ ಟ್ಯಾಪೆಟ್‌ಗೆ ಹೆದರು ಅಂತ. ಗೊತ್ತಿದ್ದೂ ಮರೆತೆ.

ಗಾಡಿ ಬಂದಾಗ ಮಧ್ಯಾಹ್ನ, ಇಂಜಿನ್ ಬಿಸಿ ಇತ್ತು. ಐಡಲ್‌ನಲ್ಲಿ ಸಣ್ಣ ನಡುಕ. ಜೇಬಿನಲ್ಲಿದ್ದ ಬಸ್ ಟಿಕೆಟ್ ಒಂದನ್ನು ಸೈಲೆನ್ಸರ್ ಬಾಯಿಗೆ ಸ್ವಲ್ಪ ಅಂತರ ಬಿಟ್ಟು ಹಿಡಿದೆ. ಇದು ಹಳೇ ಕಾಲದ ಉಪಾಯ. ಇಂಜಿನ್ ಸರಿ ಇದ್ದರೆ ಟಿಕೆಟ್ ಒಂದೇ ಸಮನೆ ಹೊರಕ್ಕೆ ಬಡಿದುಕೊಳ್ಳುತ್ತೆ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಇದ್ದರೆ ಪಿಸ್ಟನ್ ಕೆಳಗಿಳಿಯುವಾಗ ಸೈಲೆನ್ಸರ್ ಕಡೆಯಿಂದಲೂ ಗಾಳಿ ಎಳೆಯುತ್ತೆ, ಆಗ ಟಿಕೆಟ್ ಆಗಾಗ ಒಳಕ್ಕೆ ಅಂಟಿಕೊಳ್ಳುತ್ತೆ. ಇಲ್ಲಿ ಮೂರ್ನಾಲ್ಕು ಸಲ ಅಂಟಿತು. ಆದರೆ ಸುಮ್ನೆ ಮಿಸ್ಸಿಂಗ್ ಇದ್ದರೂ ಕೆಲವು ಸಲ ಹೀಗಾಗುತ್ತೆ. ಇದನ್ನೇ ನಂಬಿ ಹೆಡ್ ಇಳಿಸೋಕಾಗಲ್ಲ.

ಸೀಟು ಎತ್ತಿ ಪೆಟ್ರೋಲಿಗೆ ಹಾಕಿ, ಇಂಜೆಕ್ಟರ್ ಕನೆಕ್ಟರ್ ಒಂದೊಂದಾಗಿ ಎಳೆದೆವು. ಒಂದನೆಯದು ಎಳೆದರೆ ಇಂಜಿನ್ ಕುಸಿಯಿತು. ಮೂರನೆಯದಕ್ಕೂ ಹಾಗೇ. ಎರಡನೆಯದು ಎಳೆದಾಗ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಕೆಲಸ ಮಾಡದವನು ರಜೆ ಹಾಕಿದರೆ ಏನು ವ್ಯತ್ಯಾಸ ಆಗುತ್ತೆ? ತಪ್ಪು ಎರಡನೇ ಸಿಲಿಂಡರ್‌ದೇ. ಅದರ ಪ್ಲಗ್ ಬಿಚ್ಚಿ ನೋಡಿದರೆ ಒಣಗಿತ್ತು. ಆಯಿಲ್ ಜಿಡ್ಡು ಇರಲಿಲ್ಲ.

ಆಮೇಲೆ ಕಂಪ್ರೆಷನ್. ಮೂರೂ ಪ್ಲಗ್ ತೆಗೆದು, ಕಾಯಿಲ್ ಕನೆಕ್ಟರ್ ಬಿಡಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಗೇಜ್ ಕಟ್ಟಿ ಸೆಲ್ಫ್ ಹೊಡೆಯಬೇಕು. ಮೊದಲ ಸಲ ಮೂರರಲ್ಲೂ 120ರ ಒಳಗೆ ಬಂತು! ನೋಡಿದರೆ ನಮ್ಮ ಹುಡುಗ ಆಕ್ಸಿಲರೇಟರ್ ತುಳಿಯದೆ ಬರೀ ಕೀ ತಿರುಗಿಸುತ್ತಿದ್ದ. ಗಾಳಿ ಬರುವ ಬಾಗಿಲಾದ ಥ್ರಾಟಲ್ ಮುಚ್ಚಿದ್ದರೆ ಗಾಳಿ ಒಳಗೆ ಎಲ್ಲಿಂದ ಬರಬೇಕು? ಬ್ಯಾಟರಿಯೂ ಸೋತಿತ್ತು. ಅದಕ್ಕೆ ನಮ್ಮ ಬ್ಯಾಟರಿಯಿಂದ ಜಂಪರ್ ಕೊಟ್ಟು, ಆಕ್ಸಿಲರೇಟರ್ ಪೂರ್ತಿ ತುಳಿಸಿ, ಪ್ರತಿ ಸಿಲಿಂಡರ್‌ಗೂ ಆರು ಸಲ ಉಸಿರು ಬರುವ ಹಾಗೆ ಹೊಡೆಸಿದೆ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು: 168, 128, 170. ಎಲ್ಲ ಪಿಎಸ್‌ಐ, ಒತ್ತಡದ ಅಳತೆ.

ಇಲ್ಲಿ ಒಂದು ಮಾತು. ಪುಸ್ತಕದಲ್ಲಿ ಈ ಥರದ ಇಂಜಿನ್‌ಗೆ 190ರ ಹತ್ತಿರ ಕೊಟ್ಟಿರುತ್ತಾರೆ. ಅದನ್ನು ಹಿಡಿದುಕೊಂಡು 168 ಬಂದ ಇಂಜಿನ್ನೂ ಸವೆದಿದೆ ಅನ್ನುವವರಿದ್ದಾರೆ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡವೇ ಮಂಗಳೂರಿಗಿಂತ ಶೇಕಡ ಹತ್ತರಷ್ಟು ಕಮ್ಮಿ. ಮಂಗಳೂರಿನಲ್ಲಿ 190 ತೋರಿಸುವ ಇಂಜಿನ್ ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬಂದರೆ 170 ತೋರಿಸುತ್ತೆ. ಇಂಜಿನ್ ಅದೇ, ಗಾಳಿ ಬೇರೆ. ಬೆಂಗಳೂರಿನಲ್ಲೂ ಇದೇ ಲೆಕ್ಕ. ಹಾಗಾಗಿ ನಾನು ಪುಸ್ತಕದ ಅಂಕಿಗಿಂತ ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸವನ್ನೇ ಜಾಸ್ತಿ ನಂಬುತ್ತೇನೆ. 168, 170 ಅಂದರೆ ನನ್ನ ಲೆಕ್ಕಕ್ಕೆ ಆರೋಗ್ಯ. 128 ಅಂದರೆ ಕಾಯಿಲೆ. ಮೂರೂ ಒಂದೇ ಸಮ ಇಳಿದಿದ್ದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಹಲ್ಲು ಜಿಗಿದಿದೆಯಾ ಅಂತ ನೋಡಬೇಕಿತ್ತು. ಒಂದೇ ಇಳಿದಿದ್ದರಿಂದ ಆ ಚಿಂತೆ ಇರಲಿಲ್ಲ.

ಆದರೂ 128 ನನಗೆ ಸಮಾಧಾನ ಕೊಡಲಿಲ್ಲ. 128 ಇದ್ದರೆ ಆ ಸಿಲಿಂಡರ್ ಬಡಕಲಾಗಿಯಾದರೂ ಉರಿಯಬೇಕು. ಬೆಳಿಗ್ಗೆ ಹೊತ್ತು ಬೇಕರಿ ಅಣ್ಣ ಹೇಳಿದ ಹಾಗೆ ಪೂರ್ತಿ ಸತ್ತ ಹಾಗೆ ನಡುಗಬಾರದು. ಆವಾಗ ಬುದ್ಧಿ ಬಂತು. ಕಾಯಿಲೆ ಇರೋದು ಬೆಳಿಗ್ಗೆ, ನಾನು ನಾಡಿ ಹಿಡಿದಿರೋದು ಮಧ್ಯಾಹ್ನ. ಕಂಪ್ರೆಷನ್ ಟೆಸ್ಟ್ ಬಿಸಿ ಇಂಜಿನ್ನಿನಲ್ಲೇ ಮಾಡಬೇಕು ಅಂತ ಪುಸ್ತಕ ಹೇಳುತ್ತೆ, ಸರಿ. ಆ ಗ್ಯಾರೇಜಿನವರೂ ಹಾಗೇ ಮಾಡಿದ್ದರು. ಆದರೆ ತಣ್ಣಗಿರುವಾಗ ಬರುವ ದೂರನ್ನು ತಣ್ಣಗಿರುವಾಗಲೇ ಅಳೆಯಬೇಕಲ್ವಾ? ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗಿ ಅಣ್ಣ ಅಂದೆ. ಮಾರನೇ ದಿನದ ಬನ್ನು ಆಟೋದಲ್ಲಿ ಹೋಯಿತು.

ಬೆಳಿಗ್ಗೆ ಆರೂವರೆ. ಇಂಜಿನ್ ಮುಟ್ಟಿದರೆ ಐಸ್ ಹಾಗಿತ್ತು. ಸ್ಟಾರ್ಟ್ ಮಾಡದೆ ನೇರ ಗೇಜ್ ಹಾಕಿದೆ. ಒಂದನೆಯದು 165, ಮೂರನೆಯದು 166. ಎರಡನೆಯದು 92.

ಮುಳ್ಳು ಏರುವ ರೀತಿಯನ್ನೂ ನೋಡಬೇಕು, ಕೊನೆಯ ಅಂಕಿಯನ್ನಷ್ಟೇ ಅಲ್ಲ. ಒಳ್ಳೇ ಸಿಲಿಂಡರ್‌ನಲ್ಲಿ ಮೊದಲ ಉಸಿರಿಗೇ 70-80ಕ್ಕೆ ಹಾರಿ, ಆಮೇಲೆ 120, 145, ಹೀಗೆ ಹತ್ತಿ ನಿಲ್ಲುತ್ತೆ. ರಿಂಗ್ ಸವೆದಿದ್ದರೆ ಮೊದಲು ಕಮ್ಮಿ ಬಂದು, ಉಸಿರಿಂದ ಉಸಿರಿಗೆ ಮೆಲ್ಲಗೆ ಏರುತ್ತಾ ಹೋಗುತ್ತೆ. ಇಲ್ಲಿ 40, 65, 80, 90, ಅಲ್ಲಿಗೇ ನಿಂತಿತು. ಎಷ್ಟು ಹೊಡೆದರೂ 92 ದಾಟಲಿಲ್ಲ. ವಾಲ್ವ್ ಸೋರುವಾಗ ಹೀಗೇ ಆಗೋದು.

ಆದರೂ ಇನ್ನೊಬ್ಬರು ರಿಂಗ್ ಅಂದಿದ್ದಾರೆ, ಅದನ್ನು ಪರೀಕ್ಷೆ ಮಾಡದೆ ತಳ್ಳಿಹಾಕಬಾರದು. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಹೊಡೆದೆ. ರಿಂಗ್ ಸೋರುತ್ತಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಜಿಗಿಯಬೇಕು, 130-140ಕ್ಕೆ ಹೋಗಬೇಕು. ಬಂದಿದ್ದು 99. ಆ ಏಳೂ ಆಯಿಲ್ ಜಾಗ ಹಿಡಿದಿದ್ದಕ್ಕೆ ಏರಿದ್ದು. ಆದರೆ ಓಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗೆ ವಾಲಿಕೊಂಡು ಕೂತಿರುತ್ತೆ. ಹಾಕಿದ ಆಯಿಲ್ ಒಂದೇ ಪಕ್ಕಕ್ಕೆ ಹರಿದು ನಿಲ್ಲಬಹುದು, ಮೇಲ್ಗಡೆ ರಿಂಗ್ ಒಣಗೇ ಉಳಿಯಬಹುದು. ಅದಕ್ಕೆ ಈ ಗಾಡಿಯಲ್ಲಿ ಆಯಿಲ್ ಪರೀಕ್ಷೆ ಒಂದನ್ನೇ ನಂಬೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಗಾಳಿ ತುಂಬಿ ಕಿವಿಯಿಂದ ಕೇಳೋದೇ ವಾಸಿ.

ನನ್ನ ಹತ್ತಿರ ಇರೋದು ಮನೆಯಲ್ಲೇ ಮಾಡಿಕೊಂಡ, ಸೋರಿಕೆ ಅಳೆಯುವ ಲೀಕ್-ಡೌನ್ ಗೇಜ್. ಹಳೇ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಗಾಳಿ ಪೈಪಿನ ನಿಪ್ಪಲ್ ವೆಲ್ಡ್ ಮಾಡಿಸಿದ್ದೇನೆ. ಕಂಪ್ರೆಸರ್‌ನಿಂದ ಬರುವ ಗಾಳಿಯನ್ನು ರೆಗ್ಯುಲೇಟರ್‌ನಲ್ಲಿ 100ಕ್ಕೆ ಹಿಡಿದು, ಒಂದು ಸಣ್ಣ ತೂತಿನ ಮೂಲಕ ಸಿಲಿಂಡರ್‌ಗೆ ಬಿಡೋದು. ತೂತಿನ ಆಚೆ ಇನ್ನೊಂದು ಗೇಜ್. ಅದು 90 ತೋರಿಸಿದರೆ ನೂರರಲ್ಲಿ ಹತ್ತು ಸೋರಿಕೆ. ಇಷ್ಟು ಎಲ್ಲ ಓಡಿದ ಇಂಜಿನ್‌ಗೂ ಇರುತ್ತೆ. 20ರವರೆಗೂ ತಲೆ ಕೆಡಿಸಿಕೊಳ್ಳಲ್ಲ. 30 ದಾಟಿದರೆ ಹುಡುಕಬೇಕು.

ಗಾಳಿ ಬಿಡುವ ಮೊದಲು ಆ ಸಿಲಿಂಡರ್‌ನ ಪಿಸ್ಟನ್ ಮೇಲ್ತುದಿಯಲ್ಲಿ ಇರಬೇಕು, ಅದೂ ಕಂಪ್ರೆಷನ್ ಸುತ್ತಿನಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಹುಡುಗನ ಕೈಲಿ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ತಿರುಗಿಸಿದೆ. ಬೆರಳನ್ನು ಗಾಳಿ ತಳ್ಳಿತು ಅಂದರೆ ಕಂಪ್ರೆಷನ್. ಅಲ್ಲಿಂದ ಜ್ಯೂಸ್ ಕುಡಿಯೋ ಸ್ಟ್ರಾ ಒಂದನ್ನು ಒಳಗೆ ಇಳಿಬಿಟ್ಟು, ಅದು ಏರುವುದು ನಿಲ್ಲುವವರೆಗೆ ತಿರುಗಿಸಿದ್ದು. ಸ್ಟ್ರಾ ಆದರೆ ಸಿಕ್ಕಿಹಾಕಿಕೊಂಡರೂ ಏನೂ ಕೆಡಲ್ಲ. ಆಮೇಲೆ ನಾಲ್ಕನೇ ಗೇರ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಕ್ರ್ಯಾಂಕ್ ಬೋಲ್ಟ್ ಮೇಲಿರೋ ಸ್ಪ್ಯಾನರ್ ಮರೆಯದೆ ತೆಗೆಯಬೇಕು. ಈ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 68.5 ಮಿಲಿಮೀಟರ್. 100 ಪಿಎಸ್‌ಐ ಬಿಟ್ಟರೆ ಪಿಸ್ಟನ್ ತಲೆ ಮೇಲೆ 250 ಕಿಲೋ ಭಾರ ಕೂತ ಹಾಗೆ. ಸ್ವಲ್ಪ ಅತ್ತಿತ್ತ ಇದ್ದರೂ ಇಂಜಿನ್ ಒದೆಯುತ್ತೆ, ಸ್ಪ್ಯಾನರ್ ಯಾರದ್ದಾದರೂ ಮುಖಕ್ಕೆ ಬರುತ್ತೆ.

ಒಂದನೇ ಸಿಲಿಂಡರ್: ಎರಡನೇ ಗೇಜಿನಲ್ಲಿ 91. ಚೆನ್ನಾಗಿದೆ. ಎರಡನೆಯದಕ್ಕೆ ಬಿಟ್ಟಾಗ ಮುಳ್ಳು 42ಕ್ಕೆ ಬಿತ್ತು. ಅರ್ಧಕ್ಕಿಂತ ಜಾಸ್ತಿ ಗಾಳಿ ಎಲ್ಲೋ ಹೋಗುತ್ತಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿ ಇಟ್ಟೆ. ಬರೀ ಸಣ್ಣ ಉಸಿರು, ಒಂದನೇ ಸಿಲಿಂಡರ್‌ಗೆ ಬಂದಷ್ಟೇ. ಅಲ್ಲಿಗೆ ರಿಂಗ್ ಕಥೆ ಮುಗಿಯಿತು. ಥ್ರಾಟಲ್ ಕಡೆ ಸದ್ದಿಲ್ಲ. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಇಲ್ಲ. ಸೈಲೆನ್ಸರ್ ಹತ್ತಿರ ಹೋಗುವಷ್ಟರಲ್ಲಿ ಹುಡುಗ ಕೂಗಿದ.

"ಅಣ್ಣಾ, ಇಲ್ ಬನ್ನಿ. ಮೂರನೇ ಪ್ಲಗ್ ತೂತಿಂದ ಬುಸ್ ಅಂತೈತೆ!"

ಹೋಗಿ ಕೈ ಇಟ್ಟೆ. ನಿಜ. ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಎರಡಕ್ಕೆ ಬಿಟ್ಟ ಗಾಳಿ ಮೂರರಲ್ಲಿ ಬಂದರೆ ಎರಡು-ಮೂರರ ನಡುವೆ ಹೆಡ್ ಗ್ಯಾಸ್ಕೆಟ್ ಹರಿದಿದೆ ಅಂತ ಪುಸ್ತಕದ ಉತ್ತರ. ಹುಡುಗನ ಮುಖದಲ್ಲಿ ಗೆದ್ದ ಖುಷಿ. ನಾನೂ ಒಂದು ಕ್ಷಣ ಹೌದು ಅಂದುಕೊಂಡೆ. ಆದರೆ ಒಂದು ಲೆಕ್ಕ ಕೂಡಲಿಲ್ಲ. ಗ್ಯಾಸ್ಕೆಟ್ ಹರಿದರೆ ಎರಡೂ ಮನೆಯ ಗೋಡೆ ಒಡೆದ ಹಾಗೆ. ಎರಡೂ ಸಿಲಿಂಡರ್ ಇಳಿಯಬೇಕು. ಮೂರನೆಯದು 166 ತೋರಿಸುತ್ತಿದೆಯಲ್ಲ?

ಸ್ಟೂಲ್ ಮೇಲೆ ಕೂತು ಕಾಗದದಲ್ಲಿ ಬರೆದೆ. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-2. ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ, ಅಂದರೆ 720 ಡಿಗ್ರಿಗೆ ಮೂರು ಸಲ ಉರಿಯಬೇಕು. ಒಂದಕ್ಕೂ ಇನ್ನೊಂದಕ್ಕೂ 240 ಡಿಗ್ರಿ ಅಂತರ. ಎರಡನೆಯದು ಉರಿಯುವ ಜಾಗದಲ್ಲಿ ಮೇಲ್ತುದಿಗೆ ಬಂದಾಗ ಮೂರನೆಯದು ಉರಿದು 240 ಡಿಗ್ರಿ ಆಗಿರುತ್ತೆ. 180ಕ್ಕೆ ಪಿಸ್ಟನ್ ತಳ ಮುಟ್ಟಿದೆ, ಈಗ ಹೊಗೆ ತಳ್ಳುತ್ತಾ ಮೇಲೆ ಬರುತ್ತಿದೆ. ಅಂದರೆ ಅದರ ಎಕ್ಸಾಸ್ಟ್ ವಾಲ್ವ್ ಬಾಯಿ ತೆರೆದು ಕೂತಿದೆ!

ಗಾಳಿಯ ದಾರಿ ಆಗ ಕಾಣಿಸಿತು. ಎರಡನೆಯದರ ಎಕ್ಸಾಸ್ಟ್ ವಾಲ್ವ್ ಸಂದಿನಿಂದ ಗಾಳಿ, ಮೂರೂ ಸಿಲಿಂಡರ್‌ಗಳ ಹೊಗೆ ಸೇರುವ ಪೈಪಾದ ಮ್ಯಾನಿಫೋಲ್ಡ್‌ಗೆ ಇಳಿಯುತ್ತಿದೆ. ಅಲ್ಲಿಂದ ಒಂದು ಪಾಲು ಸೈಲೆನ್ಸರ್ ಕಡೆ ಹೋಗುತ್ತಿದೆ, ಇನ್ನೊಂದು ಪಾಲು ತೆರೆದಿರುವ ಮೂರನೇ ಎಕ್ಸಾಸ್ಟ್ ವಾಲ್ವ್ ಮೂಲಕ ಹಿಂದಕ್ಕೆ ಹತ್ತಿ, ಪ್ಲಗ್ ಇಲ್ಲದ ತೂತಿನಿಂದ ಬುಸ್ ಅನ್ನುತ್ತಿದೆ. ಮೂರನೇ ತೂತಿಗೆ ಪ್ಲಗ್ ಹಾಕಿ ನೋಡಿದರೆ ತೀರ್ಮಾನ ಆಗಲ್ಲ. ಗ್ಯಾಸ್ಕೆಟ್ ಹರಿದಿದ್ದರೂ ಗಾಳಿ ಮೂರನೇ ಸಿಲಿಂಡರ್‌ಗೆ ಹೋಗಿ, ಅದರ ತೆರೆದ ವಾಲ್ವ್‌ನಿಂದ ಸೈಲೆನ್ಸರ್‌ಗೇ ಬರುತ್ತೆ. ಸದ್ದು ಎರಡಕ್ಕೂ ಒಂದೇ.

ಉಲ್ಟಾ ಮಾಡಬೇಕು. ಮೂರನೆಯದನ್ನು ಮೇಲ್ತುದಿಗೆ ತಂದು ಅದಕ್ಕೆ ಗಾಳಿ ಬಿಡೋದು. ಆ ಹೊತ್ತಿನಲ್ಲಿ ಎರಡನೆಯದು ಗಾಳಿ ಎಳೆಯುವ ಸುತ್ತಿನಲ್ಲಿರುತ್ತೆ. ನಡುವಿನ ಗ್ಯಾಸ್ಕೆಟ್ ಹೋಗಿದ್ದರೆ ಎರಡನೇ ಪ್ಲಗ್ ತೂತಿನಲ್ಲಿ ಬುಸ್ ಅನ್ನಲೇಬೇಕು, ಮುಳ್ಳೂ ಬೀಳಬೇಕು. ಬಿಟ್ಟೆವು. ಮುಳ್ಳು 92ರಲ್ಲಿ ನಿಂತಿತು. ಎರಡನೇ ತೂತಿನ ಮೇಲೆ ಟಿಶ್ಯೂ ಪೇಪರ್ ಇಟ್ಟರೆ ಅಲ್ಲಾಡಲೂ ಇಲ್ಲ. ಗ್ಯಾಸ್ಕೆಟ್ ಗಟ್ಟಿಯಾಗಿದೆ.

ಇದನ್ನು ಇಷ್ಟು ಉದ್ದ ಬರೆದಿದ್ದಕ್ಕೆ ಕಾರಣ ಇದೆ. ನಾಲ್ಕು ಸಿಲಿಂಡರ್ ಗಾಡಿಯಲ್ಲೂ ಯಾವಾಗಲೂ ಯಾವುದೋ ಒಂದರ ಎಕ್ಸಾಸ್ಟ್ ವಾಲ್ವ್ ತೆರೆದಿರುವ ಸರದಿ ಇರುತ್ತೆ. ಆದರೆ ಅಲ್ಲಿ ಪಿಸ್ಟನ್‌ಗಳು 180 ಡಿಗ್ರಿಗೆ ಜೋಡಿಯಾಗಿರೋದರಿಂದ ಒಂದು ಮೇಲ್ತುದಿಯಲ್ಲಿರುವಾಗ ಉಳಿದವೂ ತುದಿಯಲ್ಲೋ ತಳದಲ್ಲೋ ಇರುತ್ತವೆ, ವಾಲ್ವ್ ಆಗಷ್ಟೇ ಬಾಯಿ ಬಿಡುತ್ತಿರುತ್ತೆ ಇಲ್ಲವೇ ಮುಚ್ಚುತ್ತಿರುತ್ತೆ. ಮೂರು ಸಿಲಿಂಡರ್‌ನಲ್ಲಿ ಹಾಗಲ್ಲ, ಚೆನ್ನಾಗಿಯೇ ತೆರೆದಿರುತ್ತೆ. ಈಗ ರಸ್ತೆಯಲ್ಲಿ ಮೂರು ಸಿಲಿಂಡರ್ ಗಾಡಿಗಳೂ ಬಹಳ ಇವೆ. ಪಕ್ಕದ ತೂತಿನ ಬುಸ್ ಕೇಳಿ ಗ್ಯಾಸ್ಕೆಟ್ ಅಂತ ಹಾರುವ ಮೊದಲು ಫೈರಿಂಗ್ ಆರ್ಡರ್ ಬರೆದು ನೋಡೋದು ಒಳ್ಳೇದು. ಸೈಲೆನ್ಸರ್ ಬಾಯಿಗೆ ಕಿವಿ ಇಟ್ಟಾಗ ದೂರದಲ್ಲಿ ಕುಕ್ಕರ್ ಉಸಿರು ಬಿಟ್ಟ ಹಾಗೆ ಕೇಳುತ್ತಿತ್ತು.

ಅಂದರೆ ಎಕ್ಸಾಸ್ಟ್ ವಾಲ್ವ್. ಹಾಗಂತ ಅವತ್ತೇ ಹೆಡ್ ಇಳಿಸಲಿಲ್ಲ. ವಾಲ್ವ್ ಸುಟ್ಟಿರಬಹುದು, ಅಥವಾ ಅದನ್ನು ಮುಚ್ಚೋಕೇ ಬಿಡದೆ ಯಾರೋ ಅದುಮಿ ಹಿಡಿದಿರಬಹುದು. ಅದುಮಿ ಹಿಡಿದಿದೆಯಾ ಅನ್ನೋದು ಕಾಸು ಖರ್ಚಿಲ್ಲದೆ ಗೊತ್ತಾಗುತ್ತೆ. ಎರಡನೇ ಸಿಲಿಂಡರನ್ನು ಮತ್ತೆ ಮೇಲ್ತುದಿಗೆ ತಂದು ಹೆಡ್ ಕವರ್ ಬಿಚ್ಚಿದೆವು. ರಾಕರ್ ತುದಿಯ ಸ್ಕ್ರೂ ಮತ್ತು ವಾಲ್ವ್ ತಲೆ ನಡುವೆ, ಇಂಜಿನ್ ತಣ್ಣಗಿರುವಾಗ, 0.15 ಮಿಲಿಮೀಟರ್ ಸುತ್ತಮುತ್ತ ಗ್ಯಾಪ್ ಇರಬೇಕು. ಇನ್ಲೆಟ್‌ಗೆ ಗ್ಯಾಪ್ ಅಳೆಯುವ ತೆಳು ಪಟ್ಟಿ, 0.15ರ ಫೀಲರ್ ಬ್ಲೇಡ್, ಹದವಾಗಿ ಎಳೆದುಕೊಂಡು ಹೋಯಿತು. ಎಕ್ಸಾಸ್ಟ್‌ಗೆ 0.10 ಹೋಗಲಿಲ್ಲ. 0.05 ಹೋಗಲಿಲ್ಲ. ರಾಕರನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಕಲ್ಲಿನ ಹಾಗೆ ಬಿಗಿ. ಗ್ಯಾಪ್ ಸೊನ್ನೆ ಅಲ್ಲ, ಸೊನ್ನೆಗಿಂತ ಕೆಳಗೆ. ವಾಲ್ವ್ ಮುಚ್ಚಬೇಕಾದಾಗಲೂ ರಾಕರ್ ಅದನ್ನು ಒತ್ತಿಕೊಂಡೇ ಇತ್ತು. ಉಳಿದ ಎರಡರ ಎಕ್ಸಾಸ್ಟ್ ನೋಡಿದರೆ 0.08, 0.06. ಮೂರೂ ಇನ್ಲೆಟ್ ಸರಿಯಾಗಿವೆ. ಎಕ್ಸಾಸ್ಟ್ ಮಾತ್ರ ಬಿಗಿಯಾಗಿದ್ದರೆ ಹೆಚ್ಚಾಗಿ ಅದರ ಅರ್ಥ ಇದು: ವಾಲ್ವ್ ಸೀಟುಗಳು, ಅಂದರೆ ವಾಲ್ವ್ ಬಂದು ಕೂತು ಮುಚ್ಚುವ ಲೋಹದ ಬಳೆಗಳು, ಸವೆದು ಕೂತುಕೊಳ್ಳುತ್ತಿವೆ. ಸೀಟು ಸವೆದಷ್ಟೂ ವಾಲ್ವ್ ಹೆಡ್ಡಿನೊಳಕ್ಕೆ ಹೋಗುತ್ತೆ, ಅದರ ತುದಿ ರಾಕರ್ ಕಡೆಗೆ ಏರುತ್ತೆ, ಗ್ಯಾಪ್ ತಿಂದುಹೋಗುತ್ತೆ. ಸದ್ದೂ ಹೋಗುತ್ತೆ. ಹೊಲಿಗೆ ಮಷೀನ್ ಥರ.

ಬೆಳಿಗ್ಗೆಯ ನಡುಕದ ಗುಟ್ಟೂ ಇಲ್ಲೇ ಇತ್ತು. ಹೆಡ್ ಅಲ್ಯೂಮಿನಿಯಂದು, ವಾಲ್ವ್ ಉಕ್ಕಿನದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ. ಇಂಜಿನ್ ಪೂರ್ತಿ ಬಿಸಿಯಾದಾಗ ಹೆಡ್ ಹಿಗ್ಗಿ ರಾಕರನ್ನು ಮೇಲಕ್ಕೆತ್ತುತ್ತೆ, ಸ್ವಲ್ಪ ಗ್ಯಾಪ್ ಸಿಗುತ್ತೆ, ವಾಲ್ವ್ ಮುಚ್ಚಿಕೊಳ್ಳುತ್ತೆ. ಅದಕ್ಕೇ ಮಧ್ಯಾಹ್ನ 128. ಬೆಳಿಗ್ಗೆ ಆ ಗ್ಯಾಪ್ ಇಲ್ಲ. ಸ್ಟಾರ್ಟ್ ಆದ ಮೇಲಂತೂ ಬೆಂಕಿ ತಗಲುವ ವಾಲ್ವ್ ಕೆಲವೇ ಕ್ಷಣದಲ್ಲಿ ಕಾದು ಉದ್ದ ಆಗುತ್ತೆ, ಅಷ್ಟು ದೊಡ್ಡ ಹೆಡ್ ಕಾಯೋಕೆ ನಿಮಿಷಗಳು ಬೇಕು. ಬೇಕರಿ ಅಣ್ಣ ಹೇಳಿದ ಹತ್ತು ನಿಮಿಷ ಅದೇ.

ಗ್ಯಾಸ್‌ಗೂ ಇದಕ್ಕೂ ಏನು ಸಂಬಂಧ ಅಂತ ಅವರು ಕೇಳಿದರು. ಗ್ಯಾಸ್ ಹಾಕಿದ ಮೇಲೆ ಆಯಿಲ್ ಕಪ್ಪಾಗೋದೇ ಇಲ್ಲ, ಎಷ್ಟು ಕ್ಲೀನು ಅಂತ ಅವರಿಗೆ ಹೆಮ್ಮೆ. ಆ ಕ್ಲೀನೇ ಇಲ್ಲಿ ತೊಂದರೆ. 3000 ಆರ್‌ಪಿಎಂನಲ್ಲಿ ಒಂದೊಂದು ಎಕ್ಸಾಸ್ಟ್ ವಾಲ್ವ್ ನಿಮಿಷಕ್ಕೆ 1500 ಸಲ ಸೀಟಿಗೆ ಬಡಿಯುತ್ತೆ, ಅದೂ ಕೆಂಡದಂಥ ಬಿಸಿಯಲ್ಲಿ. ಪೆಟ್ರೋಲ್ ಉರಿದರೆ ವಾಲ್ವ್ ಮುಖದ ಮೇಲೆ ತೆಳ್ಳಗೆ ಮಸಿಯ ಪದರ ಕೂರುತ್ತೆ. ಅದೇ ಮೆತ್ತೆಯ ಕೆಲಸ ಮಾಡುತ್ತೆ. ಗ್ಯಾಸ್ ಒಣ ಇಂಧನ, ಏನೂ ಉಳಿಸಲ್ಲ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದಾಗ ಸೀಟಿಗೆ ಇದೇ ಥರದ ಮೆತ್ತೆ ಸಿಗುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲ್ ಬಂತು. ಜನರ ಶ್ವಾಸಕ್ಕೆ ಅದು ಬಹಳ ಒಳ್ಳೇದಾಯಿತು, ಸೀಟುಗಳನ್ನು ಮಾತ್ರ ಗಟ್ಟಿ ಲೋಹದಲ್ಲಿ ಮಾಡಬೇಕಾಯಿತು. ಗ್ಯಾಸ್ ಗಾಡಿ ತಪ್ಪು ಅಂತ ನಾನು ಹೇಳಲ್ಲ. ಟ್ಯಾಪೆಟ್ ನೋಡಿಸದೆ 60,000 ಕಿಲೋಮೀಟರ್ ಓಡಿಸೋದು ತಪ್ಪು. ಕಿಟ್ ಹಾಕಿದವರು ಆ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು.

ಮೂರೂ ಎಕ್ಸಾಸ್ಟ್‌ಗೆ 0.20 ಗ್ಯಾಪ್ ಕೊಟ್ಟೆ. ಗ್ಯಾಸ್ ಗಾಡಿಗೆ ಸ್ವಲ್ಪ ಸಡಿಲ ಬಿಡೋದು ನನ್ನ ಅಭ್ಯಾಸ. ಮತ್ತೆ ಗೇಜ್ ಹಾಕಿದರೆ ಎರಡನೆಯದು 92ರಿಂದ 146ಕ್ಕೆ ಏರಿತು. ಸೋರಿಕೆ 58ರಿಂದ 24ಕ್ಕೆ ಇಳಿಯಿತು. ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಹದಿನೈದು ನಿಮಿಷ. ಸ್ಟಾರ್ಟ್ ಮಾಡಿದರೆ ನಡುಕ ಮುಕ್ಕಾಲು ಭಾಗ ಮಾಯ. ಹುಡುಗ ಗಾಡಿ ಆಚೆ ತೆಗೆಯೋಕೆ ಹೊರಟ. ಆದರೆ 146 ಅಂದರೆ 166 ಅಲ್ಲ. ಇಷ್ಟು ದಿನ ಪೂರ್ತಿ ಮುಚ್ಚದೆ ಇದ್ದ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ದಾಟಿಸೋಕಾಗದೆ ಅಂಚು ಸುಟ್ಟುಕೊಂಡಿರುತ್ತೆ. ಅದನ್ನು ಬೇಕರಿ ಅಣ್ಣನಿಗೆ ಹಾಗೇ ಹೇಳಿದೆ. ಈಗಲೇ ಹೆಡ್ ಇಳಿಸಬಹುದು, ಇಲ್ಲ ಮೂರು ವಾರ ಓಡಿಸಿ ಬನ್ನಿ, ಗ್ಯಾಪ್ ಎಷ್ಟು ಉಳಿದಿದೆ ನೋಡೋಣ. ನಿಂತಿದ್ದರೆ ಸುಮ್ನಿರೋಣ, ಕಮ್ಮಿ ಆಗಿದ್ದರೆ ಇಳಿಸೋಣ. ಮುಂದಿನ ವಾರ ಯುಗಾದಿ, ಆರ್ಡರ್ ಜಾಸ್ತಿ ಇದೆ, ಆಮೇಲೆ ಬರ್ತೀನಿ ಅಂದರು.

ಬಂದಾಗ 1,600 ಕಿಲೋಮೀಟರ್ ಓಡಿತ್ತು. ಒಂದು ಮತ್ತು ಮೂರರಲ್ಲಿ ಗ್ಯಾಪ್ 0.19. ಎರಡರಲ್ಲಿ 0.20 ಇದ್ದದ್ದು 0.13. ಸೀಟು ಇನ್ನೂ ಕೂರುತ್ತಲೇ ಇದೆ. ಕಂಪ್ರೆಷನ್ 138ಕ್ಕೆ ಇಳಿದಿದೆ. ಇನ್ನು ಕಾಯೋದರಲ್ಲಿ ಅರ್ಥ ಇರಲಿಲ್ಲ.

ಹೆಡ್ ಇಳಿಸಿದೆವು. ಮೊದಲು ಬೋರ್ ನೋಡಿದೆ. ಗೋಡೆ ಮೇಲೆ ಕಂಪನಿಯಲ್ಲಿ ಎಳೆದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಉಗುರಿಗೆ ಸಿಗುವಂಥ ಮೆಟ್ಟಿಲು ಎಲ್ಲೂ ಇರಲಿಲ್ಲ. ಬೇಕರಿ ಅಣ್ಣನ ಬೆರಳು ಹಿಡಿದು ಅದನ್ನು ಸವರಿಸಿದೆ, ₹32,000 ಇಲ್ಲಿ ಹೋಗ್ತಿತ್ತು ನೋಡಿ ಅಂತ. ಎಕ್ಸಾಸ್ಟ್ ವಾಲ್ವ್ ತೆಗೆದಾಗ ಅಂಚಿನಲ್ಲಿ ಒಂದು ಕಡೆ, ಇಲಿ ಕಡಿದ ರೊಟ್ಟಿ ಹಾಗೆ, ಸಣ್ಣದಾಗಿ ತಿಂದುಹೋಗಿತ್ತು. ಸುತ್ತ ಬೂದಿ ಬಣ್ಣ, ಆ ಜಾಗದಲ್ಲಿ ಮಾತ್ರ ನೀಲಿ ಮಿಂಚು. ಸೀಟು ಅಕ್ಕಪಕ್ಕದವಕ್ಕಿಂತ ಕಣ್ಣಿಗೆ ಕಾಣುವಷ್ಟು ಆಳಕ್ಕೆ ಹೋಗಿತ್ತು.

ಲೇತ್ ಅಂಗಡಿಯಲ್ಲಿ ಮೂರೂ ಎಕ್ಸಾಸ್ಟ್ ಸೀಟು ಕೊರೆದು ತೆಗೆಸಿ, ಗಟ್ಟಿ ಸೀಟು ಹಾಕಿಸಿದೆ. ಮೂರು ಹೊಸ ಎಕ್ಸಾಸ್ಟ್ ವಾಲ್ವ್. ಇನ್ಲೆಟ್ ಹಳೆಯವೇ, ಪೇಸ್ಟ್ ಹಚ್ಚಿ ಉಜ್ಜಿದ್ದಷ್ಟೇ. ಹೆಡ್ ಉಲ್ಟಾ ಇಟ್ಟು ಸೀಮೆಎಣ್ಣೆ ಹೊಯ್ದು ರಾತ್ರಿ ಬಿಟ್ಟೆವು, ಬೆಳಿಗ್ಗೆ ಒಂದು ತೊಟ್ಟೂ ಇಳಿದಿರಲಿಲ್ಲ. ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್ ಹೊಸದು. ಬಿಚ್ಚಿದ್ದೇವಲ್ಲ ಅಂತ ಟೈಮಿಂಗ್ ಬೆಲ್ಟೂ ಹಾಕಿದೆವು. ಎಲ್ಲ ಸೇರಿ ₹11,400. ಗೋಡೆ ಮೇಲೆ ಹಳೇ ಅಂಕಿಯ ಕೆಳಗೆ ಹೊಸದು: 169, 168, 170.

ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಟ್ಯಾಪೆಟ್ ತೋರಿಸಬೇಕು ಅಂತ ಸ್ಟೇರಿಂಗ್ ಪಕ್ಕ ಚೀಟಿ ಅಂಟಿಸಿ ಕಳಿಸಿದ್ದೆ. ಮೊದಲ ಸಲ 9,000ಕ್ಕೇ ಬಂದರು. 0.18, 0.18, 0.19. ಸೀಟು ನಿಂತಿದೆ. ಕವರ್ ಮುಚ್ಚುತ್ತಿದ್ದಾಗ ಬೇಕರಿ ಅಣ್ಣ ಮೆಲ್ಲಗೆ ಕೇಳಿದರು.

"ಎಲ್ಲ ಸರಿಯಾಗೈತೆ ಕಣಪ್ಪ, ಪಿಕಪ್ಪೂ ಬಂದೈತೆ. ಆದ್ರೆ ಬೆಳಿಗ್ಗೆ ಹೊತ್ತು ಒಂಚೂರು ಕಟಕಟ ಅಂತದೆ. ಮುಂಚೆ ಸದ್ದೇ ಇರ್ಲಿಲ್ಲ. ಟೈಟ್ ಮಾಡೋಕಾಗಲ್ವಾ?"

"ಆಗುತ್ತಣ್ಣ," ಅಂದೆ. "ಆದ್ರೆ ನಾನು ಮಾಡಲ್ಲ."